ಬಳ್ಳಾರಿ ಬಿಸಿಲಲ್ಲಿ ಹನ್ನೆರಡು ಮೈಕ್ರಾನ್

ಲೋಹ ಉಜ್ಜಿ ಸೈಜಿಗೆ ತರುವ ಗ್ರೈಂಡಿಂಗ್ ಮಷಿನ್ ಮುಂದೆ ನಿಂತು ಎಷ್ಟೋ ವರ್ಷ ಆಯ್ತು. ಆದರೂ ಸಿರುಗುಪ್ಪದ ಒಂದು ರೈಸ್‌ಮಿಲ್‌ನಿಂದ ಬಂದ ಬ್ಲೋವರ್ ಶಾಫ್ಟ್ (ಗಾಳಿ ಊದುವ ಫ್ಯಾನ್ ತಿರುಗುವ ಉಕ್ಕಿನ ದಂಡ) ನನ್ನ ಮಾನ ಕಳೆದದ್ದನ್ನ ಮರೆತಿಲ್ಲ.

ಬೇರಿಂಗ್ ಕೂರುವ ಜಾಗ 60 ಮಿ.ಮೀ., ಕೆ6 ಫಿಟ್, ಬೇರಿಂಗ್ ಬಿಗಿಯಾಗಿ ಕೂರೋಕೆ ಇಟ್ಟ ಅಳತೆ. ಅಂದರೆ 60ರ ಮೇಲೆ 2ರಿಂದ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗೆ ಸೈಜ್ ನಿಲ್ಲಬೇಕು. ಮೇ ತಿಂಗಳು, ಬೇಸಿಗೆ ಭತ್ತದ ಸೀಸನ್ನು, ಮಿಲ್ಲಿನವರದು ಫೋನ್ ಮೇಲೆ ಫೋನ್. ಮಧ್ಯಾಹ್ನ ಮೂರು ಗಂಟೆಗೆ ತಗಡಿನ ಶೆಡ್ಡಲ್ಲಿ ಮಷಿನ್ ಹ್ಯಾಂಡಲ್ಲೂ ಬಿಸಿ. ಶಾಫ್ಟನ್ನ ತಂಪಾಗಿಡುವ ಕೂಲಂಟ್ ಅರ್ಧ ಟ್ಯಾಂಕಿಗೆ ಇಳಿದಿತ್ತು, ಡೈಮಂಡ್ ಹಾಕಿ ವೀಲ್ (ಉಜ್ಜುವ ಕಲ್ಲು) ಡ್ರೆಸ್ ಮಾಡೋಕೆ, ಅಂದರೆ ಕೆರೆದು ಹರಿತ ಮಾಡೋಕೆ, ಸೋಮಾರಿತನ. ಮೊಂಡು ವೀಲ್ ಕೊಯ್ಯಲ್ಲ, ತಿಕ್ಕುತ್ತೆ. ಶಾಫ್ಟ್ ಮುಟ್ಟಿದರೆ ಚುರುಕ್ ಅಂತು. ನಮ್ಮೂರ ಬಿಸಿಲಲ್ಲಿ ಯಾವುದು ಚುರುಕ್ ಅನ್ನಲ್ಲ ಅಂದುಕೊಂಡು ಮೈಕ್ರೋಮೀಟರ್ ಹಾಕಿದೆ. 60.010. ಖುಷಿಯಿಂದ ಇಳಿಸಿದೆ.

ಮರುದಿನ ಬೆಳಿಗ್ಗೆ ಮಿಲ್ಲಿನ ಹಿರಿಯ ಫಿಟ್ಟರ್ ನನ್ನ ಮುಂದೇ ಬೇರಿಂಗ್ ಹಿಡಿದು ಸಲೀಸಾಗಿ ಇಳಿಸಿಬಿಟ್ಟರು. ‘ಏನೋ ತಮ್ಮಾ, ಬಳೆ ತೊಡಿಸಿದಂಗ ಹೋತಲ್ಲೋ!’ ಅಳೆದರೆ 59.998.

ಉಕ್ಕು ಒಂದು ಡಿಗ್ರಿಗೆ, ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತೆ. 60 ಮಿ.ಮೀ.ಗೆ ಡಿಗ್ರಿಗೆ 0.7 ಮೈಕ್ರಾನ್ ಬಿತ್ತು. ನನ್ನ 12 ಮೈಕ್ರಾನ್ ತಿನ್ನೋಕೆ ಶಾಫ್ಟು ಮೈಕ್ರೋಮೀಟರಿಗಿಂತ 17 ಡಿಗ್ರಿ ಬಿಸಿ ಇದ್ದರೆ ಸಾಕು. ಡ್ರಾಯಿಂಗಿನ ಸೈಜ್ 20 ಡಿಗ್ರಿಯ ಮಾತು. ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ಅದನ್ನ ಎಲ್ಲಿಂದ ತರೋದು? ತರಬೇಕಾಗೂ ಇಲ್ಲ. ಶಾಫ್ಟು, ಮೈಕ್ರೋಮೀಟರು, ಮೈಕ್ರೋಮೀಟರಿನ ಸೊನ್ನೆ ಸರಿ ಹಿಡಿಯುವ ರಾಡು, ಮೂರೂ ಒಂದೇ ಬಿಸಿಯಲ್ಲಿದ್ದರೆ ಸರಿ. ಮೂರೂ ಉಕ್ಕೇ ಆದ್ದರಿಂದ ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ.

ಆ ಶಾಫ್ಟನ್ನ ಇನ್ನಷ್ಟು ಉಜ್ಜಿ ಸಣ್ಣ ಮಾಡಿ, ಹೊರಗೆ ಕಳಿಸಿ ಹಾರ್ಡ್ ಕ್ರೋಮ್ (ಗಟ್ಟಿ ಲೋಹದ ಲೇಪ) ಹಾಕಿಸಿದೆ. ಖರ್ಚು ನಂದೇ. ಬಂದಮೇಲೆ ಮಷಿನ್ ಶಾಫ್ಟನ್ನ ಹಿಡಿಯುವ ತುದಿಯ ಸೆಂಟರ್ ತೂತುಗಳನ್ನ ಒರೆಸಿ, ಟೇಪರ್ (ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ) ಇದೆಯಾ ನೋಡಿಕೊಂಡು, ಸಂಜೆ ಗ್ರೈಂಡಿಂಗನ್ನ 20 ಮೈಕ್ರಾನ್ ಉಳಿಸಿ ನಿಲ್ಲಿಸಿದೆ. ಮೈಕ್ರೋಮೀಟರನ್ನೂ ರಾಡನ್ನೂ ರಾತ್ರಿಯಿಡೀ ಮಷಿನ್ ಬೆಡ್ ಮೇಲೇ ಬಿಟ್ಟೆ. ಬೆಳಗಿನ ಆರಕ್ಕೆ ಕೂಲಂಟ್ ತುಂಬಿಸಿ, ವೀಲ್ ಡ್ರೆಸ್ ಮಾಡಿ, ಎರಡೆರಡು ಮೈಕ್ರಾನ್ ಕಟ್ ಕೊಟ್ಟೆ. ಕೊನೆಗೆ ಫೀಡ್ ಕೊಡದೆ, ಕಿಡಿ ಪೂರ್ತಿ ನಿಲ್ಲೋವರೆಗೂ ವೀಲ್ ಓಡಿಸಿದೆ. ಒಂದು ಟೀ ಕುಡಿದು ಬಂದು ಅಳೆದೆ: 60.011.

ಫಿಟ್ಟರ್ ಮೊದಲು ಬೇರಿಂಗನ್ನ ಕೈಯಲ್ಲೇ ಒತ್ತಿ ನೋಡಿದರು. ಹೋಗಲಿಲ್ಲ. ಏನೂ ಮಾತಾಡದೆ, ಬೇರಿಂಗನ್ನ ಬಿಸಿ ಮಾಡಿ ಹಿಗ್ಗಿಸೋಕೆ ಎಣ್ಣೆ ಕಾಯಲು ಇಟ್ಟರು.