ಸದ್ದಿಲ್ಲದ ತಿಂಡಿ: ಫಸ್ಟ್ ಶಿಫ್ಟಿನವನ ಅಡುಗೆಮನೆ

ಪೀಣ್ಯದಲ್ಲಿ ನನ್ನದು ಫಸ್ಟ್ ಶಿಫ್ಟ್. ಬೆಳಗ್ಗೆ 6ಕ್ಕೆ ಮಷೀನ್ ಮುಂದೆ ನಿಂತಿರಬೇಕು. ಕಂಪನಿ ಬಸ್ಸು ದಾಸರಹಳ್ಳಿಗೆ ಐದೂಕಾಲಿಗೆಲ್ಲ ಬಂದುಬಿಡುತ್ತದೆ, ಹಾಗಾಗಿ ನಾನು ನಾಲ್ಕೂವರೆಗೆ ಏಳುತ್ತೇನೆ. ಕ್ಯಾಂಟೀನಿನಲ್ಲಿ ತಿಂಡಿ ಸಿಗುವುದು ಎಂಟೂವರೆ ಮೇಲೆ. ಅಲ್ಲಿವರೆಗೆ ಖಾಲಿ ಹೊಟ್ಟೆಯಲ್ಲಿ ನಿಂತು ಕೆಲಸ ಮಾಡುವುದು ನನ್ನ ಕೈಲಾಗದು.

ರೂಮ್‌ಮೇಟ್ ಬಾಗಲಕೋಟೆ ಕಡೆಯವನು. ಆಫೀಸು ಹತ್ತು ಗಂಟೆಗೆ, ಮಲಗುವುದು ಹನ್ನೆರಡರ ಮೇಲೆ. ನಿದ್ದೆ ಮಾತ್ರ ತೀರಾ ತೆಳುವು. ನಮ್ಮದು ಒಂದೇ ಕೋಣೆಯ ಮನೆ. ಅಡುಗೆಮನೆಗೂ ಮಲಗುವ ಜಾಗಕ್ಕೂ ನಡುವೆ ಬಾಗಿಲಿಲ್ಲ. ಅವನ ದಿಂಬಿನಿಂದ ನಮ್ಮ ಸಿಂಕಿಗೆ ಎಂಟು ಅಡಿ ಇದ್ದರೆ ಹೆಚ್ಚು. ಗಾಢ ನಿದ್ದೆ ಹೆಚ್ಚಾಗಿ ಬರುವುದು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ. ನಾನು ಓಡಾಡುವ ಹೊತ್ತಿಗೆ ಆ ಗಾಢ ನಿದ್ದೆ ಮುಗಿಯುತ್ತಾ ಬಂದಿರುತ್ತದೆ, ಅಂಥವನಿಗೆ ಎಚ್ಚರವಾಗಲು ಏನೂ ಬೇಕಿಲ್ಲ.

ಯಾವ ಸದ್ದಿಗೆ ಎಚ್ಚರವಾಗುತ್ತದೆ ಅಂತ ಒಂದು ಭಾನುವಾರ ಅವನನ್ನೇ ಕೂರಿಸಿಕೊಂಡು ಕೇಳಿದೆ. ಮಿಕ್ಸಿ, ಕುಕ್ಕರ್ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದೇ ಬೇರೆ: "ಕುಕ್ಕರ್ ಸೀಟಿ ಬಿಡಪಾ, ಅದು ಊರ ಮಂದಿಗೆಲ್ಲ ಗೊತ್ತಾಗೂದು. ಆ ಚಮಚಾ ಐತಲ್ಲ, ತಟ್ಟಿಗೆ ತಾಗತದ ನೋಡು, ಅದರ ಸಪ್ಪಳಕ್ಕ ಎದಿ ಝಲ್ ಅಂತದ." ಆಮೇಲೆ ಪ್ಲಾಸ್ಟಿಕ್ ಕವರಿನ ಪರಪರ. ಆಮೇಲೆ ಗ್ಯಾಸ್ ಲೈಟರಿನ ಟಕ್ ಟಕ್. ಫ್ಯಾನ್ ರಾತ್ರಿಯಿಡೀ ಗುಂಯ್ ಅನ್ನುತ್ತಿದ್ದರೂ ಅವನಿಗೆ ತೊಂದರೆ ಇಲ್ಲ. ಒಂದೇ ಸಮ ಇರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ನಿಶ್ಶಬ್ದದ ನಡುವೆ ಥಟ್ಟನೆ ಬರುವ ಸಣ್ಣ ಸದ್ದೇ ಕೆಟ್ಟದ್ದು. ಆದ್ದರಿಂದ ಮಳೆಗಾಲ, ಚಳಿಗಾಲದಲ್ಲೂ ನಮ್ಮ ಫ್ಯಾನ್ ಒಂದನೇ ನಂಬರಿನಲ್ಲಿ ತಿರುಗುತ್ತಿರುತ್ತದೆ.

ಅಲ್ಲಿಂದ ನಾನು ಇಟ್ಟುಕೊಂಡ ಲೆಕ್ಕ ಸುಲಭದ್ದು. ಕುಟ್ಟುವುದು, ರುಬ್ಬುವುದು, ಹೆಚ್ಚುವುದು, ಒಗ್ಗರಣೆ, ಮುಚ್ಚಳ ತೆಗೆಯುವುದು ಎಲ್ಲ ರಾತ್ರಿ ಹತ್ತರೊಳಗೆ. ಬೆಳಗ್ಗೆ ಕಲಸುವುದು, ಸುರಿಯುವುದು, ತಿನ್ನುವುದು. ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿ ಬರಲಿಲ್ಲ. ಬೆಳಗಿನ ಜಾವ ಹೊಲಕ್ಕೆ ಹೋಗುವವರು, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವವರು ಇದನ್ನೇ ಮಾಡುತ್ತಿದ್ದರು, ಅಲ್ವಾ? ಓಟ್ಸನ್ನು ರಾತ್ರಿ ಹಾಲಲ್ಲಿ ನೆನೆಸಿಡುವುದೂ ಅದೇ ದಾರಿ. ನನಗೆ ಮಾತ್ರ ಅದರ ಲೋಳೆ ಇಷ್ಟವಾಗಲಿಲ್ಲ.

ವಾರದಲ್ಲಿ ಅತಿ ಹೆಚ್ಚು ಸಲ ಮಾಡುವುದು ಗೊಜ್ಜವಲಕ್ಕಿ. ದಪ್ಪ ಅವಲಕ್ಕಿಯನ್ನು ಭಾನುವಾರವೇ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ ಡಬ್ಬಿಗೆ ಹಾಕಿಡುತ್ತೇನೆ. ಸಣ್ಣ ರವೆಗಿಂತ ತುಸು ದಪ್ಪ ಇರಬೇಕು. ಹಿಟ್ಟಾದರೆ ಮುದ್ದೆಯಾಗುತ್ತದೆ. ರಾತ್ರಿ ಊಟವಾದ ಮೇಲೆ ಚಿಕ್ಕ ನಿಂಬೆಹಣ್ಣಿನಷ್ಟು ಹುಣಸೆಹಣ್ಣನ್ನು ಬಿಸಿನೀರಲ್ಲಿ ಕಿವುಚಿ, ಬೆಲ್ಲ, ಉಪ್ಪು, ಒಂದೂವರೆ ಚಮಚ ಸಾರಿನ ಪುಡಿ, ಚಿಟಿಕೆ ಅರಿಶಿನ ಸೇರಿಸುತ್ತೇನೆ. ಒಂದು ಲೋಟ ತರಿಗೆ ಸುಮಾರು ಮುಕ್ಕಾಲು ಲೋಟ ಹುಳಿನೀರು. ನೀರನ್ನು ರುಚಿ ನೋಡಿದಾಗ ಹುಳಿ, ಉಪ್ಪು, ಖಾರ ಮೂರೂ ಸ್ವಲ್ಪ ಜಾಸ್ತಿ ಅನ್ನಿಸಬೇಕು. ಅವಲಕ್ಕಿ ಕುಡಿದ ಮೇಲೆ ಸರಿಹೋಗುತ್ತದೆ. ಕಲಸಿ ಇಪ್ಪತ್ತು ನಿಮಿಷ ಬಿಟ್ಟು, ಬೆರಳಲ್ಲಿ ಉದುರಿಸಿ, ತಟ್ಟೆ ಮುಚ್ಚಿಟ್ಟರೆ ರಾತ್ರಿಯ ಕೆಲಸ ಮುಗಿಯಿತು. ಬೆಳಗ್ಗೆಗೆ ಹುಳಿ ಒಳಗೆಲ್ಲ ಇಳಿದು, ಆಗಷ್ಟೇ ಮಾಡಿದ್ದಕ್ಕಿಂತ ರುಚಿಯಾಗಿರುತ್ತದೆ.

ಒಗ್ಗರಣೆ ಕಥೆ ಬೇರೆ. ಸಾಸಿವೆ ಚಟಪಟ ಅನ್ನುತ್ತದೆ, ಒಣಮೆಣಸಿನಕಾಯಿ ಘಾಟು ಮಲಗಿದವನ ಗಂಟಲಿಗೆ ಹತ್ತಿ ಕೆಮ್ಮಿಸುತ್ತದೆ. ಅದಕ್ಕೇ ವಾರಕ್ಕೆ ಬೇಕಾದಷ್ಟು ಒಗ್ಗರಣೆ ಒಮ್ಮೆಗೇ ಮಾಡಿಡುತ್ತೇನೆ. ಎಣ್ಣೆ ಸ್ವಲ್ಪ ಧಾರಾಳವಾಗಿರಲಿ. ಮೊದಲು ಶೇಂಗಾ ಹಾಕಿ, ಸಣ್ಣ ಉರಿಯಲ್ಲಿ ಅದು ಚಟ್ ಅಂತ ಸೀಳುವವರೆಗೆ ಹುರಿದು ತೆಗೆದಿಡಬೇಕು. ಅದೇ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಮುರಿದ ಮೆಣಸಿನಕಾಯಿ, ಇಂಗು. ಕರಿಬೇವನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ ಕೊನೆಗೆ ಹಾಕುತ್ತೇನೆ. ಎಲೆಯನ್ನು ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು. ತೇವ ಉಳಿದರೆ ಒಗ್ಗರಣೆಯೆಲ್ಲ ಮೆತ್ತಗಾಗಿ ಬೇಗ ಕೆಡುತ್ತದೆ. ಪೂರ್ತಿ ಆರಿದ ಮೇಲೆ ಶೇಂಗಾ ಸೇರಿಸಿ ಗಾಜಿನ ಬಾಟಲಿಗೆ. ಬೆಳಗ್ಗೆ ಎರಡು ಚಮಚ ಅವಲಕ್ಕಿ ಮೇಲೆ ಉದುರಿಸಿದರೆ ಬೇಳೆ ಇನ್ನೂ ಕುರುಕುರು ಅನ್ನುತ್ತಿರುತ್ತದೆ. ರಾತ್ರಿಯೇ ಕಲಸಿಟ್ಟರೆ ಆ ಕುರುಕು ಇರುವುದಿಲ್ಲ. ಹಸಿ ಕಾಯಿತುರಿ ಹಾಕುವುದಿಲ್ಲ, ಬದಲಿಗೆ ಒಣ ಕೊಬ್ಬರಿ ತುರಿ. ಹಸಿ ಕಾಯಿ ರಾತ್ರಿ ಕಳೆಯುವಷ್ಟರಲ್ಲಿ ವಾಸನೆ ಬರುತ್ತದೆ. ನಮ್ಮದು ತಿಪಟೂರು ಕಡೆ, ಮನೆಯಲ್ಲಿ ಕೊಬ್ಬರಿಗೆ ಬರವಿಲ್ಲ. ಅಮ್ಮ ತುರಿದೇ ಕಳಿಸುತ್ತಾಳೆ.

ಬೇಸಿಗೆಯಲ್ಲಿ ಅಂಬಲಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗಿ ಹೊಳಪು ಬರುವವರೆಗೆ ಕೈಯಾಡಿಸಬೇಕು. ಆರುತ್ತಾ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೆ ತೆಳ್ಳಗಿರುವಾಗಲೇ ಇಳಿಸುತ್ತೇನೆ. ಬೆಳಗ್ಗೆ ಮಜ್ಜಿಗೆ, ಉಪ್ಪು ಹಾಕಿ ಕದಡಿದರೆ ಆಯಿತು. ಈರುಳ್ಳಿ, ಕೊತ್ತಂಬರಿ ಬೇಕೆಂದರೆ ರಾತ್ರಿಯೇ ಹೆಚ್ಚಿ ಫ್ರಿಜ್ಜಿನಲ್ಲಿಡಿ. ಈಳಿಗೆ ಮಣೆಯನ್ನು ನಾಲ್ಕೂವರೆಗೆ ನೆಲಕ್ಕೆ ಊರಿದರೆ ಕೆಳಗಿನ ಮನೆಯವರೂ ಏಳುತ್ತಾರೆ. ರಾತ್ರಿ ಮುದ್ದೆ ಉಳಿದಿದ್ದರೆ ಇನ್ನೂ ಸುಲಭ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪಿನಕಾಯಿ ನೆಂಚಿಕೊಂಡು ಕುಡಿಯುವುದು. ನಮ್ಮಜ್ಜನ ತಿಂಡಿ ಅದು.

ಮೊಸರನ್ನವನ್ನು ರಾತ್ರಿ ಕಲಸಿಟ್ಟರೆ ಹುಳಿಯಾಗುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಬಸ್ಸು, ರೈಲಿಗೆ ಬುತ್ತಿ ಕಟ್ಟುವವರನ್ನು ಕೇಳಿ ನೋಡಿ. ಅನ್ನ ಬಿಸಿ ಇರುವಾಗಲೇ ಮೆದ್ದು, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದು ಲೋಟ, ಮೊಸರು ಒಂದೇ ಚಮಚ. ಬೆಳಗಾಗುವಷ್ಟರಲ್ಲಿ ಅಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅಕ್ಕಿಯಲ್ಲಿರುತ್ತವೆ. ಬೆಚ್ಚಗಿನ ಅನ್ನ ಹೊರಗೇ ಬಿದ್ದಿದ್ದರೆ ಅವು ಬೆಳೆದು ಹೊಟ್ಟೆ ಕೆಡಿಸುತ್ತವೆ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದು. ಮೊಸರನ್ನವೂ ಹೆಪ್ಪಿಗೆ ಅಂತ ರಾತ್ರಿಯಿಡೀ ಹೊರಗಿರುವುದು ಬೇಡ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗಿ ಹೆಪ್ಪಾಗುವುದಿಲ್ಲ, ಅಷ್ಟೇ. ಪುಳಿಯೋಗರೆಯಲ್ಲಿ ಎಣ್ಣೆ, ಹುಳಿ ಎರಡೂ ಇರುವುದರಿಂದ ತಾಳಿಕೆ ಜಾಸ್ತಿ. ಈರುಳ್ಳಿ ಹಾಕಿದ ಚಿತ್ರಾನ್ನ ಬೇಡ, ಬೆಳಗ್ಗೆ ಮೂಗಿಗೆ ಹಿಡಿಯಲಾಗದು.

ಉಪ್ಪಿಟ್ಟೂ ಬೇಡ. ತಣ್ಣಗಾದ ಉಪ್ಪಿಟ್ಟನ್ನು ಕೇಕಿನ ಹಾಗೆ ಕತ್ತರಿಸಬಹುದು. ದೋಸೆ ಚರ್ಮವಾಗುತ್ತದೆ. ಇಡ್ಲಿ ಪರವಾಗಿಲ್ಲ. ರಾತ್ರಿಯೇ ಬೇಯಿಸಿ, ಆರಿದ ಮೇಲೆ ಎರಡೂ ಬದಿಗೆ ಎಣ್ಣೆ ಬೆರೆಸಿದ ಚಟ್ನಿಪುಡಿ ಸವರಿ ಡಬ್ಬಿಗೆ ಹಾಕಿದರೆ ಬೆಳಗ್ಗೆಗೂ ಒಣಗಿರುವುದಿಲ್ಲ. ಮೊಟ್ಟೆ ತಿನ್ನುವವರು ಬೇಯಿಸುವುದಷ್ಟೇ ಅಲ್ಲ, ಸುಲಿಯುವುದನ್ನೂ ರಾತ್ರಿಯೇ ಮುಗಿಸಿ. ಸಿಪ್ಪೆ ಒಡೆಯುವ ಸದ್ದು ಹಗಲು ಕೇಳಿಸುವುದೇ ಇಲ್ಲ, ಜಾವದಲ್ಲಿ ಕೇಳಿಸುತ್ತದೆ.

ರೂಮ್‌ಮೇಟಿಗೆ ಊರಿಂದ ಖಡಕ್ ರೊಟ್ಟಿಯ ಡಬ್ಬಿ ಬರುತ್ತದೆ, ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಒಲೆ ಬೇಡ, ಫ್ರಿಜ್ಜು ಬೇಡ, ವಾರಗಟ್ಟಲೆ ಕೆಡುವುದಿಲ್ಲ. ಇದಕ್ಕಿಂತ ಒಳ್ಳೆಯ ತಿಂಡಿ ಬೇಕೇ ಅನ್ನಿಸಬಹುದು. ಆದರೆ ಖಡಕ್ ರೊಟ್ಟಿ ಮುರಿಯುವ ಸದ್ದು ಗೊತ್ತಲ್ಲ? ಹಪ್ಪಳವೇ ವಾಸಿ. ಅದಕ್ಕೆ ರಾತ್ರಿಯೇ ಮುರಿದು ಬಟ್ಟಲಿಗೆ ಹಾಕಿಡುತ್ತೇನೆ. ಎದ್ದ ಕೂಡಲೇ ಅದರ ಮೇಲೆ ತೆಳು ಮೊಸರು ಹುಯ್ದು ಸ್ನಾನಕ್ಕೆ ಹೋಗುವುದು. ಬರುವಷ್ಟರಲ್ಲಿ ಚೂರುಗಳು ಅಂಚಲ್ಲಿ ಮೆತ್ತಗಾಗಿ ನಡುವೆ ಸ್ವಲ್ಪ ಬಿಗಿ ಉಳಿದಿರುತ್ತವೆ. ಮೇಲೆ ಹಿಂಡಿ, ಒಂದು ಹನಿ ಹಸಿ ಎಣ್ಣೆ. ಅವನಿಗೆ ಇದು ಅಪಚಾರದ ಹಾಗೆ ಕಾಣುತ್ತದೆ. "ರೊಟ್ಟಿ ಕಡೀಲಿಕ್ಕ ಹಲ್ಲಿಲ್ಲೇನಲೇ?" ಅನ್ನುತ್ತಾನೆ. ಅವನ ನಿದ್ದೆಗಾಗಿಯೇ ಇಷ್ಟೆಲ್ಲ ಅಂದರೆ ನಗುತ್ತಾನೆ.

ಇನ್ನು ಪಾತ್ರೆಗಳು. ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳ ಟಪ್ ಅನ್ನದೆ ಬರುವುದಿಲ್ಲ, ನಾಲ್ಕು ಕಡೆ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ ನಾಲ್ಕು ಸಲ ಟಕ್ ಅನ್ನುತ್ತದೆ. ಬೆಳಗ್ಗೆ ಬೇಕಾದದ್ದನ್ನು ಪಿಂಗಾಣಿ ಅಥವಾ ಗಾಜಿನ ಬಟ್ಟಲಲ್ಲಿಟ್ಟು, ಒಂದು ತೆಳು ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಮುಚ್ಚುತ್ತೇನೆ. ಚಮಚ ಮುಟ್ಟುವುದಿಲ್ಲ, ಕೈಯಲ್ಲೇ ತಿನ್ನುತ್ತೇನೆ. ಸಿಂಕಿನ ತಳಕ್ಕೆ ಹಳೆಯ ಟವೆಲ್ ಮಡಚಿ ಹಾಸಿರುತ್ತದೆ. ತಿಂದ ಬಟ್ಟಲನ್ನು ಅದರ ಮೇಲಿಟ್ಟು ನಲ್ಲಿಯನ್ನು ಸಣ್ಣಗೆ ಬಿಟ್ಟು ನೀರು ತುಂಬಿಸಿದರೆ ಆಯಿತು, ತೊಳೆಯುವುದು ಮಧ್ಯಾಹ್ನ ಬಂದ ಮೇಲೆ. ಕುಡಿಯುವ ನೀರನ್ನೂ ರಾತ್ರಿಯೇ ಬಾಟಲಿಗೆ ತುಂಬಿಡಬೇಕು, ಫಿಲ್ಟರಿನ ಮೋಟರು ಸುಮ್ನೆ ಇರುವುದಿಲ್ಲ. ಮೈಕ್ರೋವೇವ್ ಇರುವವರು ಸೊನ್ನೆಗೆ ಬರುವ ಒಂದು ಸೆಕೆಂಡ್ ಮುಂಚೆ ಬಾಗಿಲು ತೆಗೆದರೆ ಕೊನೆಯ ಬೀಪ್ ತಪ್ಪುತ್ತದೆ. ಅಲಾರಂಗೆ ಕೈಗೆ ಕಟ್ಟುವ ಬ್ಯಾಂಡ್, ಮಣಿಕಟ್ಟಲ್ಲಿ ನಡುಗಿ ಎಬ್ಬಿಸುತ್ತದೆ. ಮೊಬೈಲನ್ನು ವೈಬ್ರೇಟಿಗೆ ಹಾಕಿ ಮರದ ಮೇಜಿನ ಮೇಲಿಟ್ಟರೆ ಅದು ಗಂಟೆಗಿಂತ ಜೋರು.

ಕಾಫಿ ಬಿಡಲಾಗಲಿಲ್ಲ. ಡಿಕಾಕ್ಷನ್ನು ರಾತ್ರಿ ಫಿಲ್ಟರಿಗೆ ಹಾಕಿಟ್ಟರೆ ತಾನೇ ಇಳಿದಿರುತ್ತದೆ. ನಂದಿನಿ ಪ್ಯಾಕೆಟ್ಟನ್ನು ಸಂಜೆಯೇ ಕತ್ತರಿಸಿ, ಕಾಯಿಸಿ, ಆರಿಸಿ, ಅದೇ ಪಾತ್ರೆಯಲ್ಲಿ ಫ್ರಿಜ್ಜಿಗೆ. ಬೆಳಗ್ಗೆ ಹಾಗೇ ಒಲೆಗೇರಿಸುವುದು. ಲೈಟರ್ ಬದಲು ಕಡ್ಡಿಪೆಟ್ಟಿಗೆ. ಒಂದೇ ಸಲ ಚರ್ ಅಂದು ಸುಮ್ಮನಾಗುತ್ತದೆ. ಎತ್ತಿ ಹುಯ್ದು ನೊರೆ ಬರಿಸುವ ಆಸೆಯನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.

ಡಿಸೆಂಬರ್, ಜನವರಿಯಲ್ಲಿ ತಣ್ಣನೆಯ ಅಂಬಲಿ ಗಂಟಲಲ್ಲಿ ಇಳಿಯುವುದಿಲ್ಲ. ಆಗ ರಾಗಿ ಹುರಿಹಿಟ್ಟು. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಿಲ್ಲ. ರಾತ್ರಿ ಕುದಿಯುವ ನೀರನ್ನು ಒಳ್ಳೆಯ ಫ್ಲಾಸ್ಕಿಗೆ ತುಂಬಿಟ್ಟರೆ ಬೆಳಗ್ಗೆಗೂ ಕೈಸುಡುವಷ್ಟು ಬಿಸಿ ಇರುತ್ತದೆ. ಬಟ್ಟಲಲ್ಲಿ ನಾಲ್ಕು ಚಮಚ ಹುರಿಹಿಟ್ಟು, ಪುಡಿ ಮಾಡಿದ ಬೆಲ್ಲ, ಕೊಬ್ಬರಿ ತುರಿ, ಒಂದು ಚಮಚ ತುಪ್ಪ. ನೀರನ್ನು ಒಮ್ಮೆಗೇ ಸುರಿಯಬಾರದು, ಗಂಟಾಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮರದ ಚಮಚದಲ್ಲಿ ಕಲಸಿ, ಉಂಡೆ ಕಟ್ಟುವ ಹದಕ್ಕೆ ಬಂದಾಗ ನಿಲ್ಲಿಸುತ್ತೇನೆ. ಬೆಲ್ಲವನ್ನು ಮಾತ್ರ ಮರೆಯದೆ ಹಿಂದಿನ ದಿನವೇ ಕುಟ್ಟಿಡಿ. ಅಚ್ಚು ಬೆಲ್ಲ ಕುಟ್ಟುವ ಸದ್ದನ್ನು ಯಾವ ಟವೆಲ್ಲೂ ತಡೆಯುವುದಿಲ್ಲ.