ಹಿರಿಯರು ಕಣ್ಣಾರೆ ಕಂಡ ಸ್ಪೀಡ್‌ವೇ ರೇಸು: ಆ ನೆನಪನ್ನು ಬರೆದಿಡೋದು ಹೇಗೆ

ನನ್ನ ಸೋದರಮಾವ ಡಾಕ್ಟರು. ಶಿರಸಿ ಹತ್ತಿರದ ಹಳ್ಳಿಯವರು. 1978ರಲ್ಲಿ ಇಂಗ್ಲೆಂಡಿಗೆ ಹೋಗಿ ಡಡ್ಲಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅದೇ ವರ್ಷ, ಅಲ್ಲೇ ಪಕ್ಕದ ಕ್ರೇಡ್ಲಿ ಹೀತ್ ಸ್ಪೀಡ್‌ವೇ (ಮಣ್ಣಿನ ಟ್ರ್ಯಾಕಿನ ಮೇಲೆ ನಡೆಯೋ ಬೈಕ್ ರೇಸು) ತಂಡಕ್ಕೆ ಕ್ಯಾಲಿಫೋರ್ನಿಯಾದಿಂದ ಬ್ರೂಸ್ ಪೆನ್ಹಾಲ್ ಅನ್ನೋ ಹುಡುಗ ಬಂದ. ಇಬ್ಬರೂ ಆ ಊರಿಗೆ ಹೊಸಬರು. ಶನಿವಾರ ಸಂಜೆ ಡ್ಯೂಟಿ ಇಲ್ಲದಿದ್ದರೆ ಮಾವ ಡಡ್ಲಿ ವುಡ್ ಸ್ಟೇಡಿಯಮ್ಮಿನಲ್ಲಿ ಇರುತ್ತಿದ್ದರು. ಹದಿನೆಂಟು ವರ್ಷ ಹೀಗೇ ನಡೆಯಿತು. ಈಗ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದಾರೆ, ವಯಸ್ಸು 76. ನಾನು ಕಾರವಾರದಲ್ಲಿದ್ದೇನೆ. ಎರಡು ವರ್ಷದಿಂದ ದೇವಿಮನೆ ಘಟ್ಟ ಹತ್ತಿ ಹೋಗಿ ಅವರ ರೇಸಿನ ನೆನಪುಗಳನ್ನು ಬರೆದುಕೊಂಡು ಬರುತ್ತಿದ್ದೇನೆ. ಅದರಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಹಡಗಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಅಂತ ಹೊರದೇಶಕ್ಕೆ ಹೋಗಿ ಬಂದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಇಂಥ ಆಟ ನೋಡಿದವರು ನಿಮ್ಮ ಮನೆಯಲ್ಲೂ ಇರಬಹುದು. ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಯಾರು ಗೆದ್ದರು, ಎಷ್ಟು ಪಾಯಿಂಟು ಬಂತು ಅನ್ನೋದು ಎಲ್ಲಾದರೂ ಬರೆದಿಟ್ಟೇ ಇರುತ್ತಾರೆ. ಎರಡನೇ ತಿರುವಿನ ಬೇಲಿ ಪಕ್ಕ ನಿಂತವರ ಮುಖಕ್ಕೆ ಏನು ಸಿಡಿಯಿತು ಅನ್ನೋದು ಅವರೊಬ್ಬರಿಗೇ ಗೊತ್ತು. ನಮಗೆ ಬೇಕಾದ್ದು ಅದು.

ಮೊದಲು ಆಟವನ್ನು ನೀವು ಕಲಿಯಿರಿ. ಒಂದು ಸಂಜೆ ಸಾಕು. ಸ್ಪೀಡ್‌ವೇ ಬೈಕು 500 ಸಿಸಿ, ಒಂದೇ ಗೇರು, ಬ್ರೇಕ್ ಅನ್ನೋದೇ ಇಲ್ಲ. ಪೆಟ್ರೋಲ್ ಬದಲು ಮೆಥನಾಲ್. ನಾಲ್ಕು ಜನ, ನಾಲ್ಕು ಸುತ್ತು, ತಿರುಗೋದು ಎಡಕ್ಕೆ ಮಾತ್ರ. ಸುಮಾರು ಒಂದು ನಿಮಿಷದಲ್ಲಿ ಒಂದು ಹೀಟ್, ಅಂದರೆ ಒಂದು ಓಟ, ಮುಗಿದೇಹೋಗುತ್ತದೆ. ತಿರುವು ಬಂದಾಗ ಹಿಂದಿನ ಗಾಲಿಯನ್ನು ಬೇಕಂತಲೇ ಜಾರಿಸುತ್ತಾರೆ, ಎಡಗಾಲಿಗೆ ಕಟ್ಟಿದ ಕಬ್ಬಿಣದ ಅಟ್ಟೆಯನ್ನು ನೆಲಕ್ಕೆ ತಾಗಿಸುತ್ತಾರೆ, ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಬೈಕು ಎಡಕ್ಕೆ ಹೋಗುತ್ತಿರುತ್ತದೆ. ಗೆದ್ದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಇಷ್ಟು ಗೊತ್ತಿಲ್ಲದೆ ಹೋಗಿ ಕೂತರೆ ಅವರು ನಿಮಗೆ ಪಾಠ ಹೇಳೋದರಲ್ಲೇ ದಣಿದುಹೋಗುತ್ತಾರೆ, ನೆನಪು ಒಳಗೇ ಉಳಿಯುತ್ತದೆ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ವರ್ಷಗಳನ್ನು ಸಾಲಾಗಿ ಬರೆದುಕೊಳ್ಳಿ. ನನ್ನದು ಪೆನ್ಹಾಲ್ ಹಾಗೆ ಅಲ್ಲಿ ಓಡಿಸಿದ ಅಮೆರಿಕದವರ ಪಟ್ಟಿ, 1928ರ ಫೆಬ್ರವರಿಯಿಂದ ಶುರು, ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ಬ್ರಿಟನ್ನಿನವರು ಈ ಆಟಕ್ಕೆ ಮುಗಿಬಿದ್ದ ದಿನದಿಂದ. ಅಮೆರಿಕದ ಸ್ಪ್ರೌಟ್ಸ್ ಎಲ್ಡರ್ ಆ ಕಾಲಕ್ಕೇ ಅಲ್ಲಿ ಓಡಿಸಿದ. 1937ರಲ್ಲಿ ವೆಂಬ್ಲಿಯ ವಿಶ್ವ ಫೈನಲ್‌ನಲ್ಲಿ ಮೊದಲ ಮೂರು ಸ್ಥಾನವೂ ಅಮೆರಿಕದವರದ್ದೇ: ಜಾಕ್ ಮಿಲ್ನ್, ವಿಲ್ಬರ್ ಲಾಮೊರೊ, ಜಾಕ್‌ನ ತಮ್ಮ ಕಾರ್ಡಿ ಮಿಲ್ನ್. ಯುದ್ಧ ಮುಗಿದ ಮೇಲೆ ಅವರು ಕಡಿಮೆಯಾದರು. 1973ರಲ್ಲಿ ಸ್ಕಾಟ್ ಆಟ್ರಿ ಎಕ್ಸೆಟರ್ ತಂಡಕ್ಕೆ ಬಂದ, 1978ರ ವಿಶ್ವ ಫೈನಲ್‌ನಲ್ಲಿ ಮೂರನೆಯವನಾದ. ಅವನ ಹಿಂದೆ ದಂಡೇ ಬಂತು. ಪೆನ್ಹಾಲ್, ಬಾಬಿ ಶ್ವಾರ್ಟ್ಜ್, ಡೆನಿಸ್ ಸಿಗಾಲೋಸ್, ಕೆಲ್ಲಿ ಮತ್ತು ಶಾನ್ ಮೋರಾನ್ ಅಣ್ಣತಮ್ಮಂದಿರು, ಲ್ಯಾನ್ಸ್ ಕಿಂಗ್, ಸ್ಯಾಮ್ ಎರ್ಮೊಲೆಂಕೊ. ಕೊನೆಗೆ ಬಿಲ್ಲಿ ಹ್ಯಾಮಿಲ್ ಮತ್ತು ಗ್ರೆಗ್ ಹ್ಯಾನ್‌ಕಾಕ್. ಇವರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾದ ಹುಡುಗರು. ಅಲ್ಲಿನ ಕೋಸ್ಟಾ ಮೆಸಾ ಟ್ರ್ಯಾಕು 200 ಮೀಟರೂ ಇರಲಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಬೈಕು ಹೊರಳಿಸಿ ಕಲಿತವರು ಇಂಗ್ಲೆಂಡಿನ ದೊಡ್ಡ ಟ್ರ್ಯಾಕಿಗೆ ಬಂದು, ಮೊದಲ ವರ್ಷ ಒದ್ದಾಡಿ, ಆಮೇಲೆ ಎಲ್ಲರನ್ನೂ ಹಿಂದೆ ಹಾಕಿದರು.

ಪಟ್ಟಿಯ ಪಕ್ಕ ಇನ್ನೊಂದು ಸಾಲು ಬೇಕು. ಅದರಲ್ಲಿ ಮನೆಗೆ, ಲೋಕಕ್ಕೆ ಸಂಬಂಧಪಟ್ಟ ದಿನಗಳನ್ನು ಬರೆಯಿರಿ. ಹಿರಿಯರು ಇಸವಿ ಹೇಳೋದಿಲ್ಲ. "ಕಪಿಲ್ ದೇವ್ ಕಪ್ ಗೆದ್ದ ಬೇಸಿಗೆ ಅದು" ಅಂತಾರೆ. ಅಂದರೆ 1983. ಆ ವರ್ಷ ಕ್ರೇಡ್ಲಿ ತಂಡವೂ ಲೀಗ್ ಗೆದ್ದಿತ್ತು, ಲ್ಯಾನ್ಸ್ ಕಿಂಗ್ ಆಗ ತಂಡದಲ್ಲಿದ್ದ. ಚಾರ್ಲ್ಸ್ ಮತ್ತು ಡಯಾನಾ ಮದುವೆಯ ವರ್ಷ ಅಂದರೆ 1981. ಆಯಿ ತೀರಿಕೊಂಡ ವರ್ಷ, ತೋಟಕ್ಕೆ ಕೊಳೆರೋಗ ಜಾಸ್ತಿ ಬಂದ ವರ್ಷ, ಮೊದಲ ಕಾರು ಕೊಂಡ ವರ್ಷ, ಎಲ್ಲವೂ ಕೆಲಸಕ್ಕೆ ಬರುತ್ತವೆ.

ಈಗ ಕೇಳೋ ವಿಷಯ. ಇದರಲ್ಲೇ ಇರೋದು ಎಲ್ಲಾ. "ನಿಮಗೆ ಯಾವ ರೈಡರ್ ಇಷ್ಟ?" ಅಂತ ಕೇಳಬೇಡಿ. ಒಂದು ಹೆಸರು ಹೇಳಿ ಸುಮ್ಮನಾಗುತ್ತಾರೆ. ಯಕ್ಷಗಾನ ನೋಡಿ ಬಂದವರನ್ನು ಯೋಚಿಸಿ ನೋಡಿ, ಪ್ರಸಂಗದ ತಾರೀಕು ಅವರಿಗೆ ಬೇಕಿಲ್ಲ, ಕೀಚಕ ಪ್ರವೇಶ ಮಾಡಿದ ರೀತಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ ಅಲ್ವಾ? ರೇಸ್ ನೋಡಿದವರೂ ಹಾಗೇ. ಎಲ್ಲಿ ನಿಲ್ಲುತ್ತಿದ್ದಿರಿ ಅಂತ ಕೇಳಿ. ಪಕ್ಕದಲ್ಲಿ ಯಾರು ಇರುತ್ತಿದ್ದರು? ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದಿರಿ, ಕೈಯಲ್ಲಿ ಏನಿತ್ತು, ಚಳಿ ಇತ್ತಾ? ಮಳೆ ಬಂದರೆ ಏನು ಮಾಡುತ್ತಿದ್ದರು?

ಈ ಮಳೆಯ ಪ್ರಶ್ನೆಗೆ ಮಾವ ಅರ್ಧ ಗಂಟೆ ಮಾತಾಡಿದರು. ಅವರು ಮೊದಲ ಸಲ ಹೋದ ಶನಿವಾರ ರೇಸೇ ಆಗಲಿಲ್ಲವಂತೆ. ಟ್ರ್ಯಾಕಿನ ಶೇಲ್ ಮಣ್ಣು ನೆನೆದರೆ ಬೈಕು ನಿಲ್ಲೋದಿಲ್ಲ, ಅದಕ್ಕೆ ಆಟ ರದ್ದು. "ತಮಾ, ಅದೆಂತ ಮಳೆ! ನಮ್ಮಲ್ಲಿ ಅಷ್ಟಕ್ಕೆ ಕಂಬಳಿ ಕೊಪ್ಪೆನೂ ತೆಗೀತಿರಲಿಲ್ಲ. ಎಲ್ಲರೂ ಕೊಡೆ ಮಡಚಿ ಮನೆಗೆ ಹೋದ್ರು, ನಾನೊಬ್ಬನೇ ಗೇಟಿನ ಹತ್ರ ನಿಂತಿದ್ದೆ" ಅಂದರು. ಮುಂದಿನ ವಾರ ಗೇಟಿನವನು ಗುರುತು ಹಿಡಿದು, ಇವತ್ತು ಖಂಡಿತ ಆಗ್ತದೆ ಡಾಕ್ಟರೇ ಅಂತ ಒಳಗೆ ಬಿಟ್ಟನಂತೆ. ಇದು ಯಾವ ಅಂಕಿಪಟ್ಟಿಯಲ್ಲೂ ಸಿಗೋದಿಲ್ಲ.

ಮಾತು ನಿಂತುಹೋದರೆ ವಾಸನೆ ಹಿಡಿಯಿರಿ. ಸ್ಪೀಡ್‌ವೇ ನೋಡಿದ ಯಾರನ್ನು ಕೇಳಿದರೂ ಮೊದಲು ಹೇಳೋದು ವಾಸನೆಯನ್ನೇ. ಆ ಇಂಜಿನ್ನುಗಳಿಗೆ ಹಾಕುತ್ತಿದ್ದ ಆಯಿಲ್ ಹರಳೆಣ್ಣೆಯಿಂದ ಮಾಡಿದ್ದು. ಹೌದು, ನಮ್ಮ ಮನೆಯಲ್ಲಿ ತಲೆಗೆ ಹಚ್ಚೋ ಅದೇ ಹರಳೆಣ್ಣೆ. ಅದು ಬಿಸಿಯಾಗಿ ಸುಟ್ಟಾಗ ಬರೋ ವಾಸನೆ ಸ್ಟೇಡಿಯಮ್ಮಿನ ಹೊರಗಿನ ರಸ್ತೆವರೆಗೂ ಬರುತ್ತಿತ್ತಂತೆ. ಒಂದು ದಿನ ಮಾವನಿಗೆ ಏನೂ ನೆನಪಾಗುತ್ತಿರಲಿಲ್ಲ, ಬೇಜಾರಾಗಿ ಕೂತಿದ್ದರು. ನಾನು ಒಳಗೆ ಹೋಗಿ ಒಗ್ಗರಣೆ ಸೌಟಿಗೆ ಒಂದು ಚಮಚ ಹರಳೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದೆ. ಹೊಗೆ ಏಳೋಕೆ ಶುರುವಾದ ಕೂಡಲೇ ಒಲೆ ಆರಿಸಿ ಜಗಲಿಗೆ ತಂದೆ. ಮಾವ ಕಣ್ಣು ಮುಚ್ಚಿದರು. ಎಡಗೈ ತಾನಾಗೇ ಮುಷ್ಟಿ ಕಟ್ಟಿತು, ಎರಡು ಬೆರಳು ಮಾತ್ರ ಮುಂದೆ, ಕ್ಲಚ್ ಹಿಡಿದ ಹಾಗೆ. "ಟೇಪು ಮೇಲೆ ಹೋಗೋ ಮೊದಲು ನಾಲ್ಕೂ ಇಂಜಿನ್ ಒಟ್ಟಿಗೆ ಕೂಗ್ತವೆ ತಮಾ, ಆಮೇಲೆ ಒಂದು ಕ್ಷಣ ಏನೂ ಕೇಳೋದಿಲ್ಲ ಅನ್ನಿಸ್ತದೆ" ಅಂದರು. ಟೇಪು ಅಂದರೆ ಹೊರಡೋ ಗೆರೆಗೆ ಅಡ್ಡ ಕಟ್ಟಿದ ಪಟ್ಟಿ, ಅದು ಮೇಲೆ ಹೋದರೆ ರೇಸ್ ಶುರು. ಅಲ್ಲಿಂದ ಊಟದ ಹೊತ್ತಿನವರೆಗೂ ಪೆನ್ಹಾಲ್ ಹೊರಗಿನ ಬೇಲಿ ಪಕ್ಕದಿಂದ ಹೇಗೆ ಬರುತ್ತಿದ್ದ, ಗೆದ್ದ ಮೇಲೆ ಮುಂದಿನ ಗಾಲಿ ಎತ್ತಿಕೊಂಡು ಹೇಗೆ ಹೋಗುತ್ತಿದ್ದ, ತಾವು ಉಜ್ಜಿ ಉಜ್ಜಿ ತೊಳೆದರೂ ಕಾಲರಿನಲ್ಲಿ ಕೆಂಪು ಧೂಳು ಹೇಗೆ ಉಳಿಯುತ್ತಿತ್ತು ಅಂತ ಹೇಳುತ್ತಲೇ ಇದ್ದರು. ಕಾಯಿಸುವಾಗ ಜೋಪಾನ, ಒಲೆ ಮುಂದೆ ನಿಂತೇ ಇರಿ.

ಪ್ರೋಗ್ರಾಮ್ ಪುಸ್ತಕಗಳಿದ್ದರೆ ಅದೃಷ್ಟ. ಪ್ರತಿ ರೇಸಿಗೂ ಒಂದು ಚಿಕ್ಕ ಪುಸ್ತಕ ಮಾರುತ್ತಿದ್ದರು, ಅಭಿಮಾನಿಗಳು ಪೆನ್ಸಿಲ್ಲಿನಲ್ಲಿ ಪ್ರತಿ ಹೀಟಿನ ಪಾಯಿಂಟು ತುಂಬುತ್ತಿದ್ದರು. ಅಕ್ಷರ ಮಾಸಿದ್ದರೂ ಲೆಕ್ಕದಿಂದ ಓದಬಹುದು. ಎಲ್ಲರೂ ಮುಗಿಸಿದರೆ ಒಂದು ಹೀಟಿಗೆ ಒಟ್ಟು 6 ಪಾಯಿಂಟು. ಪೆನ್ಹಾಲ್ ಕಾಲದ ಲೀಗ್ ರೇಸಿಗೆ 13 ಹೀಟು, ಅಂದರೆ ಎರಡೂ ತಂಡ ಸೇರಿ 78. ಅದು 3 ಇರಬಹುದಾ 5 ಇರಬಹುದಾ ಅಂತ ಅನುಮಾನ ಬಂದರೆ ಕೂಡಿ ನೋಡಿ, ಗೊತ್ತಾಗುತ್ತದೆ. ಹೆಲ್ಮೆಟ್ ಬಣ್ಣ ಕೆಂಪು ಅಥವಾ ನೀಲಿ ಅಂತಿದ್ದರೆ ಊರಿನ ತಂಡದವರು. ಎಫ್ ಅಂದರೆ ಬಿದ್ದ, ಎಕ್ಸ್ ಅಂದರೆ ರೆಫ್ರಿ ಹೊರಗೆ ಹಾಕಿದ. ವಿಶ್ವ ಫೈನಲ್ ಆದರೆ ಲೆಕ್ಕ ಬೇರೆ: 16 ಜನ, 20 ಹೀಟು, ಒಬ್ಬೊಬ್ಬರಿಗೂ 5 ಸಲ, ಅಂದರೆ ಹೆಚ್ಚೆಂದರೆ 15. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇಲ್ಲಿ ಏನಾಯ್ತು ಅಂತ ಕೇಳಿ. ಅಂಚಿನಲ್ಲಿ ಬರೆದ ಪುಟ್ಟ ಪುಟ್ಟ ಅಕ್ಷರ ಬಿಡಲೇಬೇಡಿ. ಮಾವನ ಒಂದು ಪ್ರೋಗ್ರಾಮಿನ ಹಿಂದೆ ಕನ್ನಡದಲ್ಲಿ "ಆಯಿಗೆ ಕಾಗದ" ಅಂತಿದೆ. ರೇಸಿನ ಮಧ್ಯೆ ಊರಿಗೆ ಪತ್ರ ಬರೆಯಬೇಕು ಅಂತ ನೆನಪಾಗಿದ್ದು. ಅದನ್ನೂ ಬರೆದುಕೊಂಡಿದ್ದೇನೆ.

ನೆನಪು ತಪ್ಪಿದಾಗ ಏನು ಮಾಡಬೇಕು? ಇದಕ್ಕೆ ನಾನು ಬಹಳ ಯೋಚನೆ ಮಾಡಿದ್ದೇನೆ. ಪೆನ್ಹಾಲ್ ಎರಡು ಸಲವೂ ವೆಂಬ್ಲಿಯಲ್ಲೇ ವಿಶ್ವ ಚಾಂಪಿಯನ್ ಆದ, ಎರಡನ್ನೂ ನೋಡಿದೆ ಅಂತ ಮಾವ ಹೇಳಿದರು. 1981ರ ಸೆಪ್ಟೆಂಬರ್ 5ರದ್ದು ನಿಜ. 90 ಸಾವಿರಕ್ಕೂ ಜಾಸ್ತಿ ಜನ, ವೆಂಬ್ಲಿಯಲ್ಲಿ ನಡೆದ ಕೊನೆಯ ವಿಶ್ವ ಫೈನಲ್ ಅದು. ಡೆನ್ಮಾರ್ಕಿನ ಓಲೆ ಓಲ್ಸನ್ ಮತ್ತು ಟಾಮಿ ಕ್ನುಡ್ಸನ್ ಇಬ್ಬರನ್ನೂ ಗೆರೆಯ ಹತ್ತಿರ ಕೂದಲೆಳೆಯಲ್ಲಿ ಹಿಂದೆ ಹಾಕಿ 14 ಪಾಯಿಂಟಿಗೆ ಗೆದ್ದ. ಆದರೆ 1982ರ ಫೈನಲ್ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ. ಮಾವ ಅಲ್ಲಿಗೆ ಹೋಗಿಲ್ಲ. ನಾನು ತಪ್ಪು ಅನ್ನಲಿಲ್ಲ. "ಎರಡನೇ ಸಲ ಯಾರ ಜೊತೆ ಹೋಗಿದ್ರಿ ಮಾವ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ, ಅದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೇಳಿದ್ದು, ವಾರ್ಡಿನ ಒಬ್ಬರು ಮೇಜಿನ ಮೇಲೆ ಎರಡು ಕಪ್ಪು ಸರಿಸಿ ಸರಿಸಿ ತೋರಿಸಿದ್ದರು ಅಂದರು. ಆ ಕಪ್ಪುಗಳು ಪೆನ್ಹಾಲ್ ಮತ್ತು ಇಂಗ್ಲೆಂಡಿನ ಕೆನ್ನಿ ಕಾರ್ಟರ್. 14ನೇ ಹೀಟಿನಲ್ಲಿ ಇಬ್ಬರೂ ಹತ್ತಿರ ಬಂದು ಕಾರ್ಟರ್ ಬಿದ್ದ, ರೆಫ್ರಿ ಕಾರ್ಟರ್‌ನನ್ನೇ ಹೊರಗೆ ಹಾಕಿದ. ಪೆನ್ಹಾಲ್ ಗೆದ್ದು ಆ ರಾತ್ರಿಯೇ ರೇಸ್ ಬಿಡುತ್ತೇನೆ ಅಂದ, ಟಿವಿ ಧಾರಾವಾಹಿಯಲ್ಲಿ ನಟನಾಗಿ ಹೋದ. ತಪ್ಪು ಯಾರದ್ದು ಅಂತ ಅಭಿಮಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ಅದಕ್ಕೇ ಹೇಳೋದು, ದಾಖಲೆಯನ್ನು ಒಂದು ಬಣ್ಣದ ಪೆನ್ನಲ್ಲಿ, ಅವರು ಹೇಳಿದ್ದನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಒಂದನ್ನು ಹೊಡೆದು ಹಾಕಿ ಇನ್ನೊಂದನ್ನು ಇಡಬೇಡಿ. ನನಗಂತೂ ಕ್ಯಾಂಟೀನಿನ ಆ ಎರಡು ಕಪ್ಪು ಲಾಸ್ ಏಂಜಲೀಸ್‌ನಷ್ಟೇ ಮುಖ್ಯ.

ಕಾಗದದ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹಳೇ ಕಾಗದಕ್ಕೆ ದೊಡ್ಡ ಶತ್ರು ಮಳೆಗಾಲದ ತೇವ. ಪ್ರೋಗ್ರಾಮುಗಳನ್ನು ಜೂನ್‌ನಿಂದ ದೀಪಾವಳಿವರೆಗೆ ಬಿಚ್ಚಲೇಬೇಡಿ, ಒಣ ಹವೆ ಬಂದ ಮೇಲೆ ಒಂದೊಂದಾಗಿ ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು. ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಡಿಸಿ ತೆಗೆದು, ಬಿಳಿ ದಾರದಲ್ಲಿ ಹೊಲಿದುಬಿಡಿ. ಮೆದು ಬ್ರಷ್ಷಿನಿಂದ ಬೂಷ್ಟು ಸರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮೇಲೆ ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನ್ ನೇರ ಮೇಲಿಂದ ಹಿಡಿದು ಪ್ರತಿ ಪುಟದ ಫೋಟೋ ತೆಗೆಯಿರಿ. ಪೆನ್ಸಿಲ್ ಗೆರೆ ಕಾಣದಿದ್ದರೆ ಪುಟವನ್ನು ಸ್ವಲ್ಪ ಓರೆ ಮಾಡಿ ನೋಡಿ, ಒತ್ತಿದ ಗುರುತು ಕಾಣುತ್ತದೆ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಮಳೆಗಾಲಕ್ಕೆ ಮೊದಲು ಪೊಟ್ಟಣ ಬದಲಿಸಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ನಾನು ಒಂದು ಅಂಗಡಿಯಲ್ಲಿ 1981ರ ಒಂದು ಪ್ರೋಗ್ರಾಮಿನ ಮುಖಪುಟಕ್ಕೆ ಲ್ಯಾಮಿನೇಷನ್ ಮಾಡಿಸಿದೆ, ಬಿಸಿಗೆ ಅದರ ಮೇಲಿದ್ದ ಹಸ್ತಾಕ್ಷರದ ಶಾಯಿ ಹರಡಿ ನೀಲಿ ಕಲೆಯಾಯಿತು. ಮಾವ ಏನೂ ಅನ್ನಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಧ್ವನಿ ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ, ಫೋನ್ ಕೆಳಗೆ ಒಂದು ಮಡಚಿದ ಪಂಚೆ ಇಡಿ. ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಆ ದಿನ ಬರೀ ಕೇಳಿ, ರೆಕಾರ್ಡ್ ಬೇಡ. ಬೆಳಗಿನ ಕಷಾಯ ಆದ ಮೇಲೆ ನಲವತ್ತು ನಿಮಿಷ, ಅದಕ್ಕಿಂತ ಜಾಸ್ತಿ ಎಳೆಯಬೇಡಿ. ಮನೆಗೆ ಬಂದ ದಿನವೇ ಫೈಲಿಗೆ ತಾರೀಕು ಹಾಕಿ ಇನ್ನೊಂದು ಕಡೆ ನಕಲು ಇಡಿ.

ಬರೆದದ್ದನ್ನು ಅವರಿಗೆ ಓದಿ ಹೇಳಿ. ಗಟ್ಟಿಯಾಗಿ, ನಿಧಾನಕ್ಕೆ. ಡಡ್ಲಿ ವುಡ್‌ನಲ್ಲಿ ಕ್ರೇಡ್ಲಿಯ ಕೊನೆಯ ಸೀಸನ್ 1995ರದ್ದು. ಹ್ಯಾಮಿಲ್ ಮತ್ತು ಹ್ಯಾನ್‌ಕಾಕ್ ಇಬ್ಬರೂ ಆಗ ಅಲ್ಲಿ ಓಡಿಸುತ್ತಿದ್ದರು. ಮರುವರ್ಷ ಹ್ಯಾಮಿಲ್, ಅದರ ಮರುವರ್ಷ ಹ್ಯಾನ್‌ಕಾಕ್ ವಿಶ್ವ ಚಾಂಪಿಯನ್ ಆದರು. "ಸ್ಟೇಡಿಯಂ ಮುಚ್ಚಿತು" ಅಂತ ನಾನು ಒಂದೇ ಸಾಲಿನಲ್ಲಿ ಬರೆದಿದ್ದೆ. ಅದನ್ನು ಓದಿದಾಗ ಮಾವ ಕೈ ಎತ್ತಿ ನಿಲ್ಲಿಸಿದರು. "ಕೊನೇ ರಾತ್ರಿ ಲೈಟ್ ಆರಿಸಿದ ಮೇಲೂ ಜನ ಹೋಗ್ಲಿಲ್ಲ, ಅದನ್ನ ಬರಿ" ಅಂದರು. ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿದೆ. ಅತ್ತೆ ಒಳಗಿಂದ ಊಟಕ್ಕೆ ಕರೆದರು. ಬರೋ ಶನಿವಾರ ಅಲ್ಲಿಂದಲೇ ಮುಂದುವರಿಸಬೇಕು.