ವಿಲ್ ಬರೆಯುವ ಮೊದಲು ಹೆಸರು ಸರಿ ಮಾಡಿಸಿ: ನನ್ನ ಅನುಭವ

ಅಪ್ಪ ಗಟ್ಟಿಯಾಗಿರುವಾಗಲೇ ವಿಲ್ ಬರೆಸೋಣ ಅಂದಾಗ ಮನೆಯವರೆಲ್ಲ ನನ್ನ ಮೇಲೆ ಬಿದ್ದರು. ದೊಡ್ಡಮ್ಮ "ಅಪಶಕುನ ಕಣೋ" ಅಂದರು. ಭಾವನಿಗಂತೂ ನಾನು ಆಸ್ತಿ ಮೇಲೆ ಕಣ್ಣು ಹಾಕಿದ್ದೇನೆ ಅಂತ ಗುಮಾನಿ. ಆದರೂ ಬರೆಸಿದೆವು. ಅಪ್ಪ ಹೋದ ಮೇಲೆ ವಿಜಯನಗರದ ಮನೆಯ ಖಾತೆ ಹೆಚ್ಚುಕಮ್ಮಿ ಮೂರು ತಿಂಗಳಲ್ಲಿ ಅಮ್ಮನ ಹೆಸರಿಗೆ ಬಂತು. ಕೋರ್ಟಿಗೆ ಹೋಗಲಿಲ್ಲ. ವಿಲ್ ಇಲ್ಲದ ಪಕ್ಕದ ರಸ್ತೆಯವರು ಇನ್ನೂ ಅಲೆಯುತ್ತಿದ್ದಾರೆ.

ಹೆಚ್ಚು ಹೊತ್ತು ಹಿಡಿದಿದ್ದು ವಿಲ್ ಅಲ್ಲ, ಹೆಸರು. ಕ್ರಯಪತ್ರದಲ್ಲಿ ಅಪ್ಪನ ಹೆಸರಿನ ಕೊನೆಗೆ "ಅಯ್ಯ", ಆಧಾರ್‌ನಲ್ಲಿ "ಅಪ್ಪ", ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಅವರಿರುವಾಗಲೇ ಅಫಿಡವಿಟ್ ಮಾಡಿಸಿ ಸರಿಪಡಿಸಿದೆವು. ಅವರು ಹೋದ ಮೇಲೆ ಸಹಿ ಹಾಕೋರು ಯಾರು?

ವಕೀಲರೊಬ್ಬರು 25 ಸಾವಿರ ಕೇಳಿದರು. ಪತ್ರ ಬರಹಗಾರ ಮೂರು ಸಾವಿರಕ್ಕೆ ಒಪ್ಪಿದ. ಕರಡು ನೋಡಿದರೆ "ನನ್ನ ಸಕಲ ಚರ ಸ್ಥಿರ ಆಸ್ತಿ" ಅಂತ ಒಂದೇ ಸಾಲು. ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಇಲ್ಲ, ಮನೆಯ ಖಾತೆ ನಂಬರ್ ಇಲ್ಲ. ಆ ದುಡ್ಡು ನೀರಿಗೆ ಹೋಯಿತು. ಕೊನೆಗೆ ನಾನೇ ಬರೆದು, ಇನ್ನೊಬ್ಬ ವಕೀಲರಿಗೆ ಐದಾರು ಸಾವಿರ ಕೊಟ್ಟು ತಿದ್ದಿಸಿದೆ. ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಆದರೂ ಮಾಡಿಸಿದೆ, ಭಾವನ ಬಾಯಿ ಮುಚ್ಚಿಸೋಕೆ. ಸಾಕ್ಷಿಗಳಿಬ್ಬರೂ ಅಪ್ಪನಿಗಿಂತ ಚಿಕ್ಕವರು, ಆಸ್ತಿಯಲ್ಲಿ ಪಾಲಿಲ್ಲದವರು. ಅಪ್ಪನ ಬುದ್ಧಿ ಸ್ವಾಧೀನದಲ್ಲಿದೆ ಅನ್ನೋ ಅದೇ ದಿನದ ಡಾಕ್ಟರ್ ಚೀಟಿ ಜೊತೆಗಿತ್ತು.

ಮನೆಯವರಿಗೇ ದಾನಪತ್ರ ಮಾಡಿದರೆ ಖರ್ಚು ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನೋಂದಣಿಯಾದ ದಿನವೇ ಮನೆ ಕೈಬಿಟ್ಟು ಹೋಗುತ್ತೆ. ವಿಲ್ ಆದರೆ ಉಸಿರಿರುವ ತನಕ ಬದಲಾಯಿಸಬಹುದು. ನಮ್ಮಪ್ಪ ಬದಲಾಯಿಸಿದರು ಕೂಡ!

ಮಾಗಡಿ ಕಡೆಯ ಜಮೀನನ್ನು ವಿಲ್‌ಗೆ ಸೇರಿಸಲಿಲ್ಲ. ಅದು ಪಿತ್ರಾರ್ಜಿತ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇತ್ತು. ಅಂಥದ್ದರಲ್ಲಿ ತನ್ನ ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ), ಆಮೇಲೆ ಅಕ್ಕನನ್ನೂ ಕೂರಿಸಿಕೊಂಡು ವಿಭಾಗ ಪತ್ರ.

ಯಾವಾಗ ಶುರು ಮಾಡಬೇಕು ಅಂತ ಕೇಳುತ್ತಾರೆ. ಮೊದಲ ಸೈಟೋ ಫ್ಲ್ಯಾಟೋ ನಿಮ್ಮ ಹೆಸರಿಗೆ ಬಂದ ವರ್ಷವೇ. ನಾನು ನನ್ನದನ್ನು ನಲವತ್ತು ದಾಟುತ್ತಲೇ ಬರೆದೆ, ಮಕ್ಕಳಿಗೆ ಪೋಷಕರು ಯಾರು ಅನ್ನೋದೂ ಸೇರಿಸಿ. ನಾಮಿನಿ ಇದ್ದಾರಲ್ಲ ಅಂತ ಸುಮ್ನೆ ಕೂರಬೇಡಿ. ಶೇರು, ಮ್ಯೂಚುವಲ್ ಫಂಡಿನ ನಾಮಿನಿ ವಾರಸುದಾರ ಅಲ್ಲ ಅಂತ ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಿದೆ.

ಇನ್ನೊಂದು ಪ್ರಯೋಗ ಮಾಡಿದೆ. ಒಂದು ತಿಂಗಳು ನಾನು ಇಲ್ಲ ಅಂದುಕೊಂಡು ಮನೆ ವ್ಯವಹಾರ ಪೂರ್ತಿ ಹೆಂಡತಿಗೆ ಬಿಟ್ಟೆ. ಎಕ್ಸೆಲ್ ಶೀಟ್ ಅವಳು ತೆರೆಯಲೇ ಇಲ್ಲ. ಗೆರೆ ಹಾಕಿದ ನೋಟ್‌ಬುಕ್ ಕೆಲಸಕ್ಕೆ ಬಂತು. ಅವಳಿಗೆ ಗೊತ್ತಿಲ್ಲದ ಎರಡು ಎಫ್‌ಡಿ ಸಿಕ್ಕವು. ಕರೆಂಟ್ ಬಿಲ್ ಮಾತ್ರ ಬಾಕಿ ಉಳಿಯಿತು, ಮೆಸೇಜ್ ನನ್ನ ಫೋನಿಗೆ ಬರುತ್ತಿತ್ತಲ್ಲ. ಫೋನಿನ ಲಾಕ್‌ಗೆ ಏನು ಉಪಾಯ ಮಾಡಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.